ಜೋಡಿ ಅಂದ್ರ ಯಾರು, ಕಾಕಾ?

ನಮ್ಮ ಹಿತ್ತಲಿಗೂ ಕಾಕಾನ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಕಲ್ಲಿನ ಗೋಡೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳ ಮೊದಲಿನಷ್ಟಿಲ್ಲ. ಸಂಜೆ ಐದರ ಹೊತ್ತಿಗೆ ಗೋಡೆಯ ಆಚೆಯಿಂದ ಕಾಕಾನ ಕೆಮ್ಮು, ಈಚೆಯಿಂದ ನಮ್ಮ ಮನೆಯ ಟಿವಿ, ಇಷ್ಟೇ. ಮೊನ್ನೆ ಭಾನುವಾರ ಮಗ ಅಮೆರಿಕದವರ ಕುಸ್ತಿ ಹಚ್ಚಿಕೊಂಡು ಕೂತಿದ್ದ. ಇದ್ದಕ್ಕಿದ್ದಂತೆ "ಏನ್ ಜೋಡಿನೋ ಯಪ್ಪಾ!" ಅಂತ ಕೂಗಿದ. ನುಗ್ಗಿಗಿಡಕ್ಕೆ ನೀರು ಹಾಕುತ್ತಿದ್ದ ಕಾಕಾ ಕೊಡ ಕೆಳಗಿಟ್ಟು ಗೋಡೆಗೆ ಬಂದರು.

"ಯಾರ್ದು ಜೋಡಿ ಬಿದ್ದೈತೋ ತಮ್ಮಾ?"

"ಟಿವಿಯೊಳಗ ಕುಸ್ತಿ ನಡದೈತ್ರಿ ಕಾಕಾ. ಈ ಕಡೆ ಇಬ್ರು, ಆ ಕಡೆ ಇಬ್ರು."

"ಹಂಗಾರ ಎರಡು ಜೋಡಿ ಅನ್ನು. ಯಾರಿಗೆ ಯಾರು ಬಿದ್ದಾರ?"

ಮಗ ಕೂಗಿದ ಜೋಡಿಯೇ ಬೇರೆ, ಕಾಕಾ ಕೇಳಿದ ಜೋಡಿಯೇ ಬೇರೆ ಅನ್ನುವುದು ಆಗ ಹೊಳೆಯಿತು. ಅವನು ಅಂದದ್ದು ಒಂದೇ ಕಡೆ ನಿಂತ ಇಬ್ಬರನ್ನು. ಕಾಕಾ ಹರೆಯದಲ್ಲಿ ಪೈಲ್ವಾನರಾಗಿದ್ದವರು. ಅವರಿಗೆ ಜೋಡಿ ಅಂದರೆ ಎದುರಿಗೆ ನಿಂತವನು. ಕುಸ್ತಿಯ ಕಣದಲ್ಲಿ "ನಿನ್ನ ಜೋಡಿ ಯಾರು?" ಅಂತ ಕೇಳಿದರೆ, ನೀನು ಯಾರ ಮೇಲೆ ಬೀಳಬೇಕು ಅಂತ ಅರ್ಥ. ಒಂದೇ ಶಬ್ದ ಗೆಳೆಯನಿಗೂ ಆಯಿತು, ಎದುರಾಳಿಗೂ ಆಯಿತು. ಅಂದು ಸಂಜೆ ದೀಪ ಹಚ್ಚುವ ಹೊತ್ತು ಮೀರಿದರೂ ನಾವು ಗೋಡೆ ಬಿಡದೆ ಮಾತಾಡಿದ್ದು ಇದೇ ಶಬ್ದದ ಸುತ್ತ.

ಮಾತಿಗೆ ಇನ್ನೊಂದು ಕಾರಣವೂ ಇತ್ತು. ಹಿಂದಿನ ವಾರ ಗರಡಿಯಲ್ಲಿ ನನ್ನ ಮಗನಿಗೆ ಗದಗಿನ ಕಡೆಯ ಹುಡುಗನೊಬ್ಬನ ಜೋಡಿ ಹಚ್ಚಿದ್ದರು. ಎರಡು ಸಲ ಹಿಡಿದು ಎರಡು ಸಲವೂ ಚಿತ್ ಆಗಿ ಬಂದಿದ್ದ. ಅಂದಿನಿಂದ ಗರಡಿಯ ಕಡೆ ಹೆಜ್ಜೆ ಹಾಕಿರಲಿಲ್ಲ. ಆ ಹುಡುಗ ದಾರಿಯಲ್ಲಿ ಸಿಕ್ಕು ಮಾತಾಡಿಸಿದರೆ ಮಾರಿ ತಿರುವಿ ಬಂದನಂತೆ. ಕಾಕಾನಿಗೆ ಇದೆಲ್ಲ ಗೊತ್ತಿತ್ತು, ಆದರೆ ಬಾಯಿ ಬಿಟ್ಟು ಏನೂ ಅಂದಿರಲಿಲ್ಲ.

"ಜೋಡಿ ಹಚ್ಚೋದು ಸಣ್ಣ ಕೆಲಸಲ್ಲ ತಮ್ಮಾ," ಅಂತ ಕಾಕಾ ಶುರುಮಾಡಿದರು. ಜಾತ್ರೆಯ ದಿನ ಊರ ಹಿರಿಯರು, ವಸ್ತಾದರು ಕೂತು ಬಂದ ಪೈಲ್ವಾನರನ್ನು ಎದುರುಬದುರು ನಿಲ್ಲಿಸುತ್ತಾರೆ. ಹೆಗಲಿಗೆ ಹೆಗಲು ಹೋಲಿಸುತ್ತಾರೆ, ತೊಡೆ ನೋಡುತ್ತಾರೆ, ಕುತ್ತಿಗೆ ನೋಡುತ್ತಾರೆ, ಹಿಂದಿನ ವರ್ಷ ಯಾರು ಯಾರನ್ನು ಕೆಡವಿದ್ದರು ಅಂತ ನೆನಪು ಮಾಡಿಕೊಳ್ಳುತ್ತಾರೆ. ಇಬ್ಬರೂ ಒಪ್ಪಿದರೆ ಕೈ ಕೂಡಿಸುತ್ತಾರೆ. ಎಣ್ಣೆ, ಅರಿಷಿಣ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡಿದ ಕೆಂಪು ಮಣ್ಣು. ಹಲಗಿಯ ಬಡಿತ. ಮೊದಲು ತೆಂಗಿನಕಾಯಿಯ ಬಹುಮಾನಕ್ಕೆ ಸಣ್ಣ ಹುಡುಗರು, ಆಮೇಲೆ ರೊಕ್ಕದ ಕುಸ್ತಿಗಳು, ಹೊತ್ತು ಮುಳುಗುವ ಮುಂದ ಬೆಳ್ಳಿ ಕಡಗದ ಕುಸ್ತಿ. ಹಿಡಿಯುವ ಮೊದಲು ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಎದುರಿನವನ ಮೈಗೆ ಸವರಬೇಕು. ಬೆವರಿಗೆ ಕೈ ಜಾರದಿರಲಿ ಅಂತ. "ನನ್ನ ಹಿಡಿಯಾಕ ಅವನಿಗೆ ಅನುಕೂಲ, ಅವನ್ನ ಹಿಡಿಯಾಕ ನನಗ ಅನುಕೂಲ. ಎದುರಿನವಗ ಅನುಕೂಲ ಮಾಡಿಕೊಟ್ಟ ಕುಸ್ತಿ ಶುರು ಆಗೂದು," ಅಂದರು.

ಇದು ನಿನ್ನೆ ಮೊನ್ನೆಯ ರೀತಿಯಲ್ಲ. ಈ ನಾಡನ್ನು ಆಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಅಂತಲೇ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ದರ್ಜೆ ಮಾಡುವುದು ಅಲ್ಲಿಯೇ ಇದೆ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳ ವಜ್ರಮುಷ್ಟಿ ಕಾಳಗಕ್ಕೂ ಜೋಡಿ ಕಟ್ಟುತ್ತಾರೆ. ಅಲ್ಲಿಯೂ ಜೋಡಿ ಅಂದರೆ ಎದುರುಬದುರು ನಿಂತ ಇಬ್ಬರೇ.

"ಈಗ ನಿನ್ನ ಟಿವಿ ಜೋಡಿ ಹೇಳು," ಅಂದರು ಕಾಕಾ.

ನಾನು ಹೇಳಿದೆ. ಚೌಕದ ಕಣ, ಸುತ್ತ ಹಗ್ಗ. ಒಂದೊಂದು ಕಡೆಗೆ ಇಬ್ಬರು, ಆದರೆ ಒಳಗೆ ಆಡುವವನು ಒಬ್ಬನೇ. ಇನ್ನೊಬ್ಬ ಹಗ್ಗದ ಹೊರಗೆ ತನ್ನ ಮೂಲೆಯಲ್ಲಿ ನಿಂತಿರಬೇಕು. ಒಳಗಿನವನು ದಣಿದರೆ ಹೇಗಾದರೂ ಮಾಡಿ ಮೂಲೆ ಮುಟ್ಟಿ ಹೊರಗಿನವನ ಕೈ ತಟ್ಟಬೇಕು. ತಟ್ಟಿದ ಮೇಲೆಯೇ ಅವನು ಒಳಗೆ ಬರುವುದು. ಎದುರಿನವರ ಕಸುಬೆಲ್ಲ ಒಂದೇ: ಏಟು ತಿಂದವನು ತನ್ನ ಮೂಲೆ ಮುಟ್ಟದಂತೆ ತಡೆಯುವುದು. ಅವನು ತೆವಳುತ್ತ ತೆವಳುತ್ತ ಕೈ ಚಾಚುವಾಗ, ಈಚೆಯವನು ಹಗ್ಗದ ಮೇಲೆ ಬಾಗಿ ಬೆರಳು ಚಾಚುವಾಗ, ಸಾವಿರಾರು ಜನ ಎದ್ದು ನಿಲ್ಲುತ್ತಾರೆ.

"ಖೋಖೋ ಇದ್ದಂಗ. ಬೆನ್ನು ತಟ್ಟೂತನಕ ಏಳೂ ಹಂಗಿಲ್ಲ," ಅಂದರು ಕಾಕಾ. ಆಮೇಲೆ ಕೇಳಿದರು, "ಖರೇ ಕುಸ್ತಿ ಏನದು?"

"ಅಲ್ರಿ. ಯಾರು ಗೆಲ್ಲಬೇಕು ಅನ್ನೂದನ್ನ ಮೊದಲ ಬರದಿಟ್ಟಿರ್ತಾರ. ಬೀಳೂದು, ಮೈ ನೋಯೂದು ಮಾತ್ರ ಖರೇ."

ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. "ದೊಡ್ಡಾಟದೊಳಗ ದುಶ್ಶಾಸನ ಬೀಳ್ತಾನಂತ ಊರಿಗೆಲ್ಲಾ ಗೊತ್ತಿರ್ತೈತಿ. ಆದ್ರೂ ಮಂದಿ ಬೆಳತನಕ ಕುಂದರ್ತಾರಲ್ಲ," ಅಂದರು.

ಟಿವಿಯ ಆ ಕುಸ್ತಿ ನಡೆಸುವ ಸಂಸ್ಥೆಯಲ್ಲಿ ಜೋಡಿಗಳ ವಿಶ್ವಪಟ್ಟ 1971ರಲ್ಲಿ ಶುರುವಾದದ್ದು. ಕೂಡಿಯೇ ಬೆಳೆದ, ಒಂದೇ ಬಣ್ಣದ ಉಡುಪು ಹಾಕುವ ಜೋಡಿಗಳು ಬಹಳ ಆಗಿಹೋಗಿವೆ. ಆದರೆ ನನ್ನ ಮನಸ್ಸಿನಲ್ಲಿ ಕೂತದ್ದು ಹೊತ್ತಿಗೆ ಒದಗಿದ ಜೋಡಿಗಳು. ಅಂದರೆ ಒಬ್ಬರನ್ನೊಬ್ಬರು ಸೇರದವರು, ನಿನ್ನೆ ಬಡಿದಾಡಿದವರು, ನಾಳೆ ಬಡಿದಾಡಬೇಕಾದವರು. ಯಾವುದೋ ಗಳಿಗೆಯಲ್ಲಿ ಒಂದು ಮೂಲೆಗೆ ಬಂದು ನಿಂತು ಪಟ್ಟ ಗೆದ್ದುಬಿಡುತ್ತಾರೆ.

1997ರ ಮೇ ತಿಂಗಳಲ್ಲಿ ಸ್ಟೀವ್ ಆಸ್ಟಿನ್ ಮತ್ತು ಶಾನ್ ಮೈಕಲ್ಸ್ ಕೂಡಿ ಓವನ್ ಹಾರ್ಟ್, ಬ್ರಿಟಿಷ್ ಬುಲ್‌ಡಾಗ್ ಜೋಡಿಯನ್ನು ಸೋಲಿಸಿದರು. ಇಬ್ಬರಿಗೂ ಬೇರೆಯವರ ಹಂಗು ಬೇಡ, ಒಬ್ಬನನ್ನು ಕಂಡರೆ ಇನ್ನೊಬ್ಬನಿಗೆ ಆಗದು. ಜೂನ್ 8ರಂದು, ಪಟ್ಟ ಇಬ್ಬರ ಹೆಗಲ ಮೇಲೂ ಇರುವಾಗಲೇ, ಅವರಿಬ್ಬರಿಗೇ ಕುಸ್ತಿ ಬಿತ್ತು. ಯಾರೂ ಗೆಲ್ಲಲಿಲ್ಲ.

"ಹಂಗಾರ ಅವತ್ತು ಅವರು ನಿನ್ನ ಜೋಡಿನೂ ಹೌದು, ನನ್ನ ಜೋಡಿನೂ ಹೌದು!" ಅಂತ ಕಾಕಾ ಗೋಡೆ ತಟ್ಟಿದರು. ಒಳಗೆ ಕೂತಿದ್ದ ಮಗನೂ ಆ ಸಪ್ಪಳಕ್ಕೆ ಬಾಗಿಲಿಗೆ ಬಂದು ನಿಂತ.

ಮೈಕಲ್ಸ್ ಪಕ್ಕಕ್ಕೆ ಸರಿದ ಮೇಲೆ ಅದೇ ವರ್ಷದ ಜುಲೈ 14ರಂದು ಆಸ್ಟಿನ್ ಜೊತೆಗೆ ಬಂದವನು ಡ್ಯೂಡ್ ಲವ್. ಅವನ ನಿಜವಾದ ಹೆಸರು ಮಿಕ್ ಫೋಲಿ. ಒಬ್ಬನೇ ಮನುಷ್ಯ ಮೂರು ವೇಷ ಹಾಕುತ್ತಿದ್ದ. ಆಸ್ಟಿನ್‌ಗೆ ಅವನು ಬೇಡವಾಗಿದ್ದ, ಆದರೂ ಅಂದು ಇಬ್ಬರೂ ಕೂಡಿ ಪಟ್ಟ ಗೆದ್ದರು. ಎರಡು ವರ್ಷದ ಮೇಲೆ, 1999ರ ಆಗಸ್ಟ್ 30ರಂದು, ಅದೇ ಫೋಲಿ ಮ್ಯಾನ್‌ಕೈಂಡ್ ಅನ್ನುವ ಇನ್ನೊಂದು ವೇಷದಲ್ಲಿ ದಿ ರಾಕ್ ಜೊತೆ ನಿಂತ. ಆ ವರ್ಷದ ಶುರುವಿನಲ್ಲಿ ಇಬ್ಬರೂ ದೊಡ್ಡ ಪಟ್ಟಕ್ಕಾಗಿ ಒಬ್ಬರನ್ನೊಬ್ಬರು ಜಜ್ಜಿಕೊಂಡವರು. ಈಗ ಒಂದೇ ಮೂಲೆಯವರು. ಅಂಡರ್‌ಟೇಕರ್ ಮತ್ತು ಬಿಗ್ ಶೋ ಅನ್ನುವ ಇಬ್ಬರು ಮಹಾಕಾಯರನ್ನು ಸೋಲಿಸಿದರು. ಚೆಲುವ ರಾಕ್, ಹರಕು ಅಂಗಿಯ ಮ್ಯಾನ್‌ಕೈಂಡ್. ಆ ಇಬ್ಬರನ್ನೂ ಜನ ಎದೆಗೆ ಹಚ್ಚಿಕೊಂಡರು.

2012ರಲ್ಲಿ ಏಳು ಅಡಿಯ ಕೇನ್‌ಗೆ ಕುಳ್ಳ ಡೇನಿಯಲ್ ಬ್ರಯನ್‌ನನ್ನು ಜೋಡಿಸಿದರು. ಕಥೆಯ ಪ್ರಕಾರ ಇಬ್ಬರಿಗೂ ಮೂಗಿನ ತುದಿಯಲ್ಲಿ ಸಿಟ್ಟು, ಅದನ್ನು ಇಳಿಸಲಿಕ್ಕೆ ಪಾಠಕ್ಕೆ ಹಾಕಿದ್ದರು. ಸೆಪ್ಟೆಂಬರ್ 16ಕ್ಕೆ ಪಟ್ಟ ಗೆದ್ದ ಕೂಡಲೇ, ಗೆದ್ದವನು ನಾನು, ನೀನಲ್ಲ ಅಂತ ಕಣದ ನಡುವೆಯೇ ಜಗಳ. ಹಾಗೆ ಜಗಳಾಡುತ್ತಲೇ 245 ದಿನ ಪಟ್ಟ ಉಳಿಸಿಕೊಂಡರು.

"ಜಗಳಾಡ್ತಾರ ಅಂದ್ರ ಮಾತು ಬಿಟ್ಟಿಲ್ಲ ಅಂತಾತು," ಅಂದರು ಕಾಕಾ. ಒಳಗಿನಿಂದ ಕಾಕು ಒಂದು ತಾಟಿನಲ್ಲಿ ಗಿರ್ಮಿಟ್ಟು, ಬಿಸಿ ಮಿರ್ಚಿ ತಂದು ಗೋಡೆಯ ಮೇಲಿಟ್ಟರು. ಸಪ್ಪಗಿದ್ದ ಮಂಡಕ್ಕಿಗೂ ಖಾರದ ಮೆಣಸಿನಕಾಯಿಗೂ ಹುಟ್ಟಿನ ನಂಟೇನೂ ಇಲ್ಲ. ಆದರೂ ಗದಗಿನಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ತಿನ್ನುವವರನ್ನು ನಾನು ಕಂಡಿಲ್ಲ.

"ಎಲ್ಲಾ ಜೋಡಿನೂ ಹಿಂಗ ಬಾಳ್ತಾವೇನು?" ಅಂತ ಕಾಕಾ ಕೇಳಿದರು.

ಎಲ್ಲವೂ ಬಾಳುವುದಿಲ್ಲ. 2007ರ ಜನವರಿ 29ರಂದು ಜಾನ್ ಸೀನಾ ಜೊತೆ ಅದೇ ಶಾನ್ ಮೈಕಲ್ಸ್ ಜೋಡಿಪಟ್ಟ ಗೆದ್ದ. ಏಪ್ರಿಲ್ 1ರಂದು ದೊಡ್ಡ ಪಟ್ಟಕ್ಕಾಗಿ ಇಬ್ಬರಿಗೂ ಕುಸ್ತಿ, ಮೈಕಲ್ಸ್ ಸೋತ. ಮರುದಿನವೇ ಜೋಡಿಪಟ್ಟವನ್ನು ಕಾಯಬೇಕಾದ ಆಟದಲ್ಲಿ ತನ್ನ ಜೊತೆಗಾರನನ್ನೇ ಹಗ್ಗದ ಆಚೆ ಎತ್ತಿ ಒಗೆದ. ಪಟ್ಟ ಬೇರೆಯವರ ಪಾಲಾಯಿತು.

ಕಾಕಾ ಮಿರ್ಚಿಯನ್ನು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಹೇಳಿದರು, "ಜರಾಸಂಧನ ಕಥಿ ಕೇಳೀಯಲ್ಲ?"

ಗದಗಿನವರಿಗೆ ಭಾರತದ ಕಥೆ ಹೊಸದೇನು? ಕುಮಾರವ್ಯಾಸ ತನ್ನ ಭಾರತ ಬರೆದದ್ದು ಇಲ್ಲಿನ ವೀರನಾರಾಯಣನ ಗುಡಿಯಲ್ಲಿ ಅಂತ ನಾವು ನಂಬಿದವರು. ಆದರೆ ಕಾಕಾ ಅದನ್ನು ಪೈಲ್ವಾನನ ಕಣ್ಣಿನಿಂದ ಹೇಳಿದರು. "ಜರಾಸಂಧ ಹುಟ್ಟಿದ್ದು ಎರಡು ಹೋಳಾಗಿ. ಒಂದೊಂದು ಹೋಳಿಗೆ ಜೀವ ಇದ್ದಿಲ್ಲ. ಜರೆ ಅನ್ನಾಕಿ ಕೂಡಿಸಿದ್ಲು, ಅಷ್ಟು ಬಲ ಬಂತು. ಅವನೊಬ್ಬನ ಅಲ್ಲ ತಮ್ಮಾ, ಅವನ ಒಂದು ಜೋಡಿ. ಭೀಮ ದಿನಗಟ್ಟಲೆ ಹಿಡದ, ಸೀಳಿದ. ಸೀಳಿದ್ರ ಹೋಳು ಹೊಳ್ಳಿ ಕೂಡ್ಯಾವ. ಆಗ ಕಣದ ಹೊರಗ ನಿಂತ ಕೃಷ್ಣ ಒಂದು ಕಡ್ಡಿ ತಗೊಂಡ, ಸೀಳಿದ, ಆ ಹೋಳು ಈ ಕಡೆ, ಈ ಹೋಳು ಆ ಕಡೆ ತಿರುವಿ ಒಗದ. ಭೀಮಗ ತಿಳೀತು. ಹೋಳಿಗೆ ಹೋಳು ಬೆನ್ನು ಮಾಡಿದ ಮ್ಯಾಲೆ ಮತ್ತ ಕೂಡ್ಲಿಲ್ಲ." ಬಾಗಿಲಲ್ಲಿ ನಿಂತಿದ್ದ ಹುಡುಗನ ಕಡೆ ನೋಡದೆಯೇ ಮುಂದುವರಿಸಿದರು. "ಜೋಡಿ ಕೆಡೂದು ಸೀಳಿದ್ದಕ್ಕಲ್ಲ. ಮಾರಿ ತಿರುವಿದ್ದಕ್ಕ."

ಆಮೇಲೆ ತಮ್ಮದೇ ಒಂದು ಕಥೆ ತೆಗೆದರು. 1959ರಲ್ಲಿ ಚಿಕ್ಕೋಡಿ ಕಡೆಯ ಎಕ್ಸಂಬಾದ ಶ್ರೀಪತಿ ಖಂಚನಾಳೆ ಹಿಂದ್ ಕೇಸರಿ ಆದದ್ದನ್ನು ಕೇಳಿ ಕೇಳಿ ಹುರುಪಾಗಿ ಊರೂರಿನ ಹುಡುಗರು ಗರಡಿ ಸೇರುತ್ತಿದ್ದ ಕಾಲ. ಲಕ್ಷ್ಮೇಶ್ವರದ ಕಡೆ ಒಂದು ಜಾತ್ರೆಯಲ್ಲಿ ಕಾಕಾನಿಗೆ ಶಿರಹಟ್ಟಿಯ ಪೈಲ್ವಾನನೊಬ್ಬನ ಜೋಡಿ ಬಿತ್ತು. ಅರ್ಧ ತಾಸು ಹಿಡಿದರು. ಇವರೂ ಬೀಳಲಿಲ್ಲ, ಅವನೂ ಬೀಳಲಿಲ್ಲ. ಕತ್ತಲಾಯಿತು ಅಂತ ಹಿರಿಯರು ಬಿಡಿಸಿ ಇಬ್ಬರ ಕೈಯನ್ನೂ ಮೇಲೆತ್ತಿ ಬರಾಬರಿ ಅಂದರು. ಬಹುಮಾನದ ರೊಕ್ಕ ಅರ್ಧರ್ಧ.

ಕಡೆಯ ಬಸ್ಸು ಹೋಗಿಬಿಟ್ಟಿತ್ತು. ಇಬ್ಬರೂ ಒಬ್ಬರ ಹಿಂದೆ ಒಬ್ಬರು, ಮಾತಿಲ್ಲದೆ, ಶಿರಹಟ್ಟಿಯ ದಾರಿ ಹಿಡಿದರು. ಅರ್ಧ ದಾರಿಗೆ ಕಾಕಾನ ಮೊಣಕಾಲು ಬಾತುಕೊಂಡಿತು. ಮುಂದೆ ಹೋಗುತ್ತಿದ್ದವನು ತಿರುಗಿ ಬಂದು ಹೆಗಲು ಕೊಟ್ಟ. "ನನ್ನ ಯಾವ ಕಾಲು ಸೋಲ್ತೈತಿ ಅನ್ನೂದು ಆ ಊರಾಗ ಅವನೊಬ್ಬಗ ಗೊತ್ತಿತ್ತು. ಅರ್ಧ ತಾಸು ಅದನ್ನ ಹಿಡದು ಎಳದಿದ್ದಲ್ಲ!" ಅಂದರು ಕಾಕಾ. ಫಕೀರೇಶ್ವರ ಮಠದ ಅಂಗಳ ಮುಟ್ಟಿದಾಗ ನಡುರಾತ್ರಿ. ಅಲ್ಲೇ ಮಲಗಿದರು. ಮುಂದಿನ ಚಳಿಗಾಲವೆಲ್ಲ ಇಬ್ಬರೂ ಒಂದೇ ಗರಡಿಯಲ್ಲಿ ತಾಲೀಮು ಮಾಡಿದರು. ಆ ಮನುಷ್ಯ ಈಗಲೂ ವರ್ಷಕ್ಕೊಮ್ಮೆ ಇವರ ಹಿತ್ತಲಲ್ಲಿ ಕೂತು ನುಗ್ಗಿಕಾಯಿ ಸಾರು ಉಂಡು ಹೋಗುತ್ತಾರೆ. ನಾನೇ ಕಂಡಿದ್ದೇನೆ. ಅವರು ಕಾಕಾನ ಸೋಲುವ ಕಾಲಿನ ಕಡೆಗೇ ನೆದರು ಇಟ್ಟು ನಡೆಯುತ್ತಾರೆ.

ಇಂಥ ಜೋಡಿಗಳು ನಮ್ಮ ಸೀಮೆಯಲ್ಲಿ ಬೇರೆಯೂ ಇವೆ. ಹೆಸರಿನಲ್ಲೇ ಫಕೀರನೂ ಈಶ್ವರನೂ ಕೂಡಿ ನಿಂತ ಮಠ ಶಿರಹಟ್ಟಿಯದು. ಅಲ್ಲಿಗೆ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿ ಇರುವ ಊರಲ್ಲೇ ದೂದನಾನಾ ದರ್ಗಾ ಇದೆ. ಆ ಲಕ್ಷ್ಮೇಶ್ವರವೂ ಬಹುಕಾಲ ಶಿರಹಟ್ಟಿ ತಾಲೂಕಿನೊಳಗೇ ಇದ್ದು ಈಗ ಬೇರೆ ತಾಲೂಕಾಗಿದೆ. ತಾಲೂಕು ಬೇರೆಯಾದರೂ ಸಂತೆಗೆ, ಬೀಗತನಕ್ಕೆ, ಕುಸ್ತಿಗೆ ದಾರಿ ಅದೇ. ಮುಂಡರಗಿಯ ಕಡೆ ಹೋದರೆ 1858ರ ಮಾತು ಇನ್ನೂ ಜನರ ಬಾಯಲ್ಲಿದೆ. ಮುಂಡರಗಿಯ ಭೀಮರಾಯರು, ಹಮ್ಮಿಗಿಯ ಕೆಂಚನಗೌಡರು ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆ ಹಿಡಿದರು, ಸೈನ್ಯ ಮುತ್ತಿದಾಗ ಅಲ್ಲಿಯೇ ಹೋರಾಡಿ ಜೀವ ಬಿಟ್ಟರು. ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರ ಹೆಸರು ತಾನೇ ಬಾಯಿಗೆ ಬರುತ್ತದೆ. ಆ ಜೋಡಿ ಪ್ರಾಣ ಪಣಕ್ಕಿಟ್ಟದ್ದು, ಟಿವಿಯ ಪಟ್ಟಗಳ ಸಾಲಿನಲ್ಲಿ ಇಡುವಂಥದ್ದಲ್ಲ.

ಇನ್ನು ನಮ್ಮ ಊರು? ಗದಗ ಬೇರೆ, ಬೆಟಗೇರಿ ಬೇರೆ. ಆಚೆ ಅಚ್ಚುಕೂಟಗಳ ಸಪ್ಪಳ, ಈಚೆ ಮಗ್ಗಗಳ ಸಪ್ಪಳ. ನಗರಸಭೆ ಮಾತ್ರ ಒಂದು, ಗದಗ-ಬೆಟಗೇರಿ. ನಡುವೆ ಒಂದು ಸಣ್ಣ ಗೆರೆ ಎಳೆದು ಬರೆಯುತ್ತಾರೆ. ನಳದ ನೀರಿಗೆ, ರಸ್ತೆಗೆ ನಿಮ್ಮ ಕಡೆ, ನಮ್ಮ ಕಡೆ ಅಂತ ಜಗಳ ಇದ್ದದ್ದೇ. ಹೊರಗಿನವರು ಬಂದು ಯಾವ ಊರು ಅಂತ ಕೇಳಿದರೆ ಮಾತ್ರ ಎರಡೂ ಹೆಸರು ಒಂದೇ ಉಸಿರಿಗೆ ಬರುತ್ತವೆ. 1997ರ ಆಗಸ್ಟಿನಲ್ಲಿ ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆ ಆದಾಗಲೂ ಈ ಜೋಡಿಯೇ ಅದರ ತಲೆಯೂರಾಯಿತು. ಆಸ್ಟಿನ್ ಬೇಡಬೇಡ ಅನ್ನುತ್ತಲೇ ಫೋಲಿಯ ಜೊತೆ ನಿಂತದ್ದೂ ಅದೇ ವರ್ಷದ ಅದೇ ಮಳೆಗಾಲ.

"ಆ ಫೋಲಿ ಆಮ್ಯಾಲೆ ಏನು ಮಾಡಿದ?" ಕಾಕಾನಿಗೆ ಅವನ ಮೇಲೆ ಮನಸ್ಸು ಕೂತಿತ್ತು.

ಅದು ನನಗೂ ಬಹಳ ಹಿಡಿಸಿದ ಮಾತು. 2016ರಲ್ಲಿ ಷೇಮಸ್ ಮತ್ತು ಸಿಜಾರೊ ಅನ್ನುವ ಇಬ್ಬರಿಗೆ ಏಳು ಕುಸ್ತಿಗಳ ಪಂದ್ಯ ಇಟ್ಟಿದ್ದರು. ಮೂರು ಇವನು, ಮೂರು ಅವನು. ಸೆಪ್ಟೆಂಬರ್ 25ರ ಏಳನೆಯದರಲ್ಲಿ ಇಬ್ಬರೂ ಎದ್ದು ನಿಲ್ಲಲಾರದಷ್ಟು ಬಡಿದಾಡಿಕೊಂಡು ಕುಸ್ತಿ ತೀರ್ಮಾನವಾಗದೆ ನಿಂತಿತು. ಆಗ ಕಥೆಯಲ್ಲಿ ಯಜಮಾನನ ಪಾತ್ರ ಮಾಡುತ್ತಿದ್ದವನು ಮಿಕ್ ಫೋಲಿ. ಇಬ್ಬರನ್ನೂ ಕರೆದು, ಇನ್ನು ಮೇಲೆ ನೀವು ಒಂದು ಜೋಡಿ ಅಂದ. ಇಬ್ಬರೂ ಹಲ್ಲು ಕಡಿದರು. ಆದರೆ ಡಿಸೆಂಬರ್ 18ಕ್ಕೆ ಅವರಿಬ್ಬರೂ ಕೂಡಿ, 483 ದಿನ ಪಟ್ಟ ಇಟ್ಟುಕೊಂಡಿದ್ದ ನ್ಯೂ ಡೇ ಅನ್ನುವವರನ್ನು ಕೆಳಗಿಳಿಸಿದರು. ಮುಂದೆ ಒಂದೇ ಉಡುಪು, ಒಂದೇ ಹೆಸರು. ಒತ್ತಾಯಕ್ಕೆ ಕೂಡಿದವರು ಹುಟ್ಟಾ ಜೋಡಿಗಿಂತ ಗಟ್ಟಿಯಾದರು.

"ತಾನು ಉಂಡದ್ದನ್ನ ಇನ್ನೊಬ್ಬರಿಗೆ ಬಡಿಸಿದ. ವಸ್ತಾದ ಅಂದ್ರ ಅವನ," ಅಂದರು ಕಾಕಾ. "ಬರಾಬರಿ ಬಿದ್ದವರನ್ನ ಕೂಡಿಸಬೇಕಂತ ಅವನಿಗೆ ತಿಳೀತಲ್ಲ."

"ಅವರನ್ನ ಸೋಲಿಸಿದ್ದು ಯಾರು ಗೊತ್ತೇನಜ್ಜಾ?" ಮಗ ಅಷ್ಟು ಹೊತ್ತಿನ ಮೇಲೆ ಬಾಯಿ ಬಿಟ್ಟ. ಚಪ್ಪಲಿ ಇಲ್ಲದ ಕಾಲಲ್ಲಿ ಓಡಿಬಂದು ಗೋಡೆಗೆ ಗದ್ದ ಹಚ್ಚಿದ. "ಒಬ್ಬ ನನ್ನಂಥಾ ಹುಡುಗ!"

ಅದೂ ನಿಜ. 2018ರ ಏಪ್ರಿಲ್ 8, ನ್ಯೂ ಆರ್ಲಿಯನ್ಸ್. ಬ್ರಾನ್ ಸ್ಟ್ರೋಮನ್ ಅನ್ನುವ ಪರ್ವತದಂಥ ಮನುಷ್ಯನಿಗೆ ಷೇಮಸ್, ಸಿಜಾರೊ ಜೊತೆ ಜೋಡಿಪಟ್ಟದ ಕುಸ್ತಿ. ಆದರೆ ಅವನಿಗೆ ಜೊತೆಗಾರನೇ ಇಲ್ಲ. ಸಾವಿರಾರು ಜನರ ನಡುವೆ ಇಳಿದು ಹುಡುಕಿ ನಿಕೋಲಸ್ ಅನ್ನುವ 10 ವರ್ಷದ ಹುಡುಗನನ್ನು ಕೈಹಿಡಿದು ಕರೆತಂದು ತನ್ನ ಮೂಲೆಯಲ್ಲಿ ನಿಲ್ಲಿಸಿದ. ಗೆದ್ದರು. ಮರುದಿನವೇ ಪಟ್ಟ ಹೊಳ್ಳಿ ಕೊಟ್ಟರು. ಹುಡುಗ ನಾಲ್ಕನೆಯ ಇಯತ್ತೆ, ಸಾಲಿಗೆ ಹೋಗಬೇಕಲ್ಲ.

"ಆ ಹುಡುಗ ಕುಸ್ತಿ ಹಿಡದನೇನು?" ಕಾಕಾ ಮಗನನ್ನೇ ಕೇಳಿದರು.

"ಇಲ್ಲಜ್ಜಾ. ಕೈ ಚಾಚಿಕೊಂಡು ನಿಂತಿದ್ದ. ಒಮ್ಮೆ ಕೈ ತಟ್ಟಿಸ್ಕೊಂಡು ಒಳಗ ಬಂದ, ಹೊಳ್ಳಿ ಅವನ ಕೈ ತಟ್ಟಿ ಹೊರಗ ಹೋದ."

"ಅಷ್ಟ ಸಾಕು. ಕಣಕ್ಕ ಬಂದು ಮಾರಿ ಕೊಟ್ಟು ನಿಂತಿದ್ದ ನೋಡು." ಕಾಕಾ ಗೋಡೆಯ ಮೇಲೆ ಮುಂಗೈ ಊರಿ ಹುಡುಗನ ಹತ್ತಿರ ಬಾಗಿದರು. "ಅವತ್ತು ನಿನಗ ಆ ಗದಗಿನ ಹುಡುಗ ಯಾವ ಪಟ್ಟು ಹಾಕಿದನೋ ಮರಿ?"

"ಕಲಾಜಂಗ." ದನಿ ಸಣ್ಣಗಾಯಿತು. "ಎರಡೂ ಸಲ ಅದ."

"ಅದನ್ನ ಬಿಡಿಸ್ಕೊಳ್ಳೂದು ನಾ ಕಲಿಸ್ತೀನಿ. ಹಾಕೂದು ಮಾತ್ರ ಅವನ ಕಡಿಂದನ ಕಲೀಬೇಕು. ನನ್ನ ಮೊಣಕಾಲು ಈಗ ಮಾತು ಕೇಳೂದಿಲ್ಲ. ನಾಳೆ ಅವನ್ನೂ ಕರಕೊಂಡ ಬಾ."

ಮಗ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ತಾಟಿನಲ್ಲಿ ಉಳಿದಿದ್ದ ಒಂದು ಮಿರ್ಚಿ ತೆಗೆದುಕೊಂಡು ಒಳಗೆ ಹೋದ. ಟಿವಿ ಬಂದಾಯಿತು.

ಸೋಮವಾರ ನಸುಕಿನಲ್ಲಿ ಗೋಡೆಯಾಚೆ ಮಾತು ಕೇಳಿ ಎದ್ದು ಹೋಗಿ ನೋಡಿದೆ. ಕಾಕಾ ನುಗ್ಗಿಗಿಡದ ಬುಡದಿಂದ ಈಚೆಗೆ ಒಂದು ಹಾಸಿಗೆಯಷ್ಟು ನೆಲ ಅಗೆದು, ಕಲ್ಲು ಆರಿಸಿ, ಮಣ್ಣು ಮೆತ್ತಗೆ ಮಾಡಿದ್ದರು. ನಡುವೆ ಇಬ್ಬರು ಹುಡುಗರು ಚಳಿಗೆ ಕೈ ಕಟ್ಟಿಕೊಂಡು ಎದುರುಬದುರು ನಿಂತಿದ್ದರು. ಕಾಕಾ ಒಬ್ಬನ ಕೈ ತೆಗೆದು ಇನ್ನೊಬ್ಬನ ಕೈಯಲ್ಲಿಟ್ಟರು.

"ಜೋಡಿ," ಅಂದರು.

ಹುಡುಗರು ಬಗ್ಗಿ ಒಂದೊಂದು ಚಿಟಿಕೆ ಮಣ್ಣು ತೆಗೆದು ಒಬ್ಬರ ಹೆಗಲಿಗೊಬ್ಬರು ಸವರಿದರು.